ದೇವಳಾಲಿ ಮೇಷ್ಟರ ಕಳೆಯುವ ಲೆಕ್ಕ

ನಮ್ಮ ಮನೆಗಳಲ್ಲಿ ಹೆಂಗಸರ ಪಾಲಿಗೆ ಬಂದಿರುವ ಗಣಿತವೆಲ್ಲ ಕಳೆಯುವ ಗಣಿತ. ತಿಂಗಳ ಮೊದಲ ವಾರ ಕೈಗೆ ಬಂದ ದುಡ್ಡಿನಲ್ಲಿ ಬಾಡಿಗೆ ಕಳೆ, ಹಾಲಿನವನದು ಕಳೆ, ದಿನಸಿ ಅಂಗಡಿಯದು ಕಳೆ, ಮಕ್ಕಳ ಫೀಸು ಕಳೆ. ಉಳಿದ ಚೂರುಪಾರಿನಲ್ಲಿ ಯಾರದೋ ಮದುವೆಯ ಮುಯ್ಯಿ, ಯಾರದೋ ಮಗುವಿನ ನಾಮಕರಣದ ಉಡುಗೊರೆ. ಗುಣಿಸುವ ಯೋಗ ವ್ಯಾಪಾರಸ್ಥರದು, ಕೂಡುವ ಯೋಗ ಬ್ಯಾಂಕಿನವರದು. ಇಪ್ಪತ್ತೈದನೆಯ ತಾರೀಕಿನ ಹೊತ್ತಿಗೆ ನಮ್ಮ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿಯೇ, ಬರೀ ಕಳೆಯುವ ಲೆಕ್ಕವೊಂದರಿಂದ ಒಬ್ಬ ಸ್ಕೂಲು ಮೇಷ್ಟರ ಹೆಸರು ಪ್ರಪಂಚದ ಗಣಿತದ ಪುಸ್ತಕಗಳಲ್ಲಿ ಉಳಿದಿದೆ ಎಂದು ಓದಿದಾಗ ನನಗೆ ಕುತೂಹಲ ತಡೆಯಲಾಗಲಿಲ್ಲ. ಆ ಮೇಷ್ಟರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಊರು ನಾಸಿಕದ ಹತ್ತಿರದ ದೇವಳಾಲಿ. ಅವರ ಸಂಖ್ಯೆ 6174.

ಲೆಕ್ಕ ಹೀಗಿದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ಸಾಕು, ಮಾಡಿ ನೋಡಿ. ನಾಲ್ಕು ಅಂಕಿಗಳ ಯಾವ ಸಂಖ್ಯೆಯನ್ನಾದರೂ ತೆಗೆದುಕೊಳ್ಳಿ. ನಾಲ್ಕೂ ಒಂದೇ ಅಂಕಿ ಆಗಿರಬಾರದು, ಅಷ್ಟೇ ಷರತ್ತು. ಆ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಕೆಳಗೆ ಅವನ್ನೇ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಕಳೆಯಿರಿ. ಬಂದ ಉತ್ತರಕ್ಕೂ ಇದನ್ನೇ ಮಾಡಿ. ಸೊನ್ನೆ ಬಂದರೆ ಅದನ್ನೂ ಒಂದು ಅಂಕಿ ಎಂದೇ ಎಣಿಸಬೇಕು, ಬಿಡುವಂತಿಲ್ಲ. ನಮ್ಮ ರಾಜ್ಯ ಒಂದಾದ 1956ನ್ನೇ ತೆಗೆದುಕೊಳ್ಳೋಣ. 9651ರಲ್ಲಿ 1569 ಕಳೆದರೆ 8082. ಇನ್ನು 8820ರಲ್ಲಿ 0288 ಕಳೆದರೆ 8532. ಮತ್ತೆ 8532ರಲ್ಲಿ 2358 ಕಳೆದರೆ 6174. ಈಗ 6174ನ್ನು ಜೋಡಿಸಿ: 7641ರಲ್ಲಿ 1467 ಕಳೆಯಿರಿ. ಪುನಃ 6174! ಇನ್ನು ಎಷ್ಟು ಸಲ ಕಳೆದರೂ ಅದು ಅಲ್ಲೇ ಕೂತಿರುತ್ತದೆ, ಅಲುಗುವುದಿಲ್ಲ.

1956 ಮಾತ್ರವಲ್ಲ, ಎಲ್ಲ ನಾಲ್ಕಂಕಿ ಸಂಖ್ಯೆಗಳೂ ಅಲ್ಲಿಗೇ ಬರುತ್ತವೆ. ಹೆಚ್ಚೆಂದರೆ ಏಳು ಸಲ ಕಳೆಯಬೇಕಾಗಬಹುದು. ಎಂಟನೆಯ ಸಲದ ಅಗತ್ಯವೇ ಬೀಳುವುದಿಲ್ಲ.

ನಮ್ಮ ಮಹಿಳಾ ಮಂಡಳಿಯಲ್ಲಿ ಒಂದು ಸಂಜೆ ಭಜನೆ ಮುಗಿದು ಕಾಫಿಗೆ ಕಾಯುತ್ತಿದ್ದಾಗ ಇದನ್ನು ಎಲ್ಲರ ಮುಂದಿಟ್ಟೆ. "ಅಯ್ಯೋ ಲೆಕ್ಕ ಬೇಡ ಕಣ್ರೀ, ತಲೆನೋವು" ಎಂದವರೇ ಮೊದಲು ಪೆನ್ನು ಹುಡುಕಿದ್ದು. ಒಬ್ಬರು ಮದುವೆಯಾದ ವರ್ಷ 1978 ತೆಗೆದುಕೊಂಡರು, ಮೂರೇ ಸಲಕ್ಕೆ ಮುಟ್ಟಿದರು. ಇನ್ನೊಬ್ಬರು ಮೊಮ್ಮಗಳು ಹುಟ್ಟಿದ 2005 ಇಟ್ಟುಕೊಂಡು ಕಳೆದರು, ಕಳೆದರು, "ಇದು ನಮ್ಮ ಮನೆ ಸೊಸೆ ಹಂಗೆ, ಹೇಳಿದ ಮಾತು ಕೇಳೋದಿಲ್ಲ" ಎಂದು ಗೊಣಗಿದರು; ಸರಿಯಾಗಿ ಏಳನೆಯ ಸಲಕ್ಕೆ 6174 ಬಂದಾಗ ಅವರ ಮುಖ ನೋಡಬೇಕಿತ್ತು. ಮೂಲೆಮನೆಯವರು ತಮ್ಮ ಹೊಸ ಕಾರಿನ ನಂಬರು 1111 ಹಾಕಿದರು. ಕಳೆದರೆ ಒಂದೇ ಏಟಿಗೆ ಸೊನ್ನೆ. ಅಷ್ಟು ದುಡ್ಡು ಸುರಿದು ಕೊಂಡ ಫ್ಯಾನ್ಸಿ ನಂಬರಿಗೆ ಇಲ್ಲಿ ಪ್ರವೇಶವಿಲ್ಲ ಎಂದು ತಿಳಿದು ಉಳಿದವರಿಗೆಲ್ಲ ಸ್ವಲ್ಪ ಸಮಾಧಾನವೇ ಆಯಿತೆಂದು ಕಾಣುತ್ತದೆ. ಆ ದಿನ ಕಾಫಿ ಆರಿ ಹೋಗಿತ್ತು.

ಇನ್ನು ಮೇಷ್ಟರ ವಿಷಯ. ಕಾಪ್ರೇಕರ್ ಹುಟ್ಟಿದ್ದು 1905ರ ಜನವರಿ 17ರಂದು, ಮುಂಬಯಿಯ ಉತ್ತರಕ್ಕೆ ಕಡಲ ತೀರದಲ್ಲಿರುವ ಡಹಾಣು ಎಂಬ ಊರಿನಲ್ಲಿ. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಸಾಕಿದವರು ತಂದೆ. ಅವರು ಗುಮಾಸ್ತರು, ಜ್ಯೋತಿಷದ ಹುಚ್ಚು. ಜ್ಯೋತಿಷದ ಫಲ ನಿಜವೋ ಸುಳ್ಳೋ, ಅದರ ಹಿಂದೆ ಕೂಡುವ ಕಳೆಯುವ ಲೆಕ್ಕವಂತೂ ಬೇಕಾದಷ್ಟಿದೆ. ತಾಯಿಯಿಲ್ಲದ ಮಗುವಿಗೆ ತಂದೆಯಿಂದ ಸಿಕ್ಕ ಆಟಿಕೆ ಅಂಕಿಗಳೇ ಎಂದು ನನಗೆ ಅನಿಸುತ್ತದೆ. ಠಾಣೆಯಲ್ಲಿ ಹೈಸ್ಕೂಲು, 1923ರಿಂದ ಪುಣೆಯ ಫರ್ಗುಸನ್ ಕಾಲೇಜು. ಅಲ್ಲಿ 1927ರಲ್ಲಿ ಗಣಿತದ ಸ್ವಂತ ಶೋಧನೆಗೆಂದು ಇದ್ದ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಬಂತು. 1929ರಲ್ಲಿ ಪದವಿ. ಅಷ್ಟಕ್ಕೆ ಓದು ಮುಗಿಯಿತು. ಮುಂದೆ ಎಂ.ಎ. ಇಲ್ಲ, ಡಾಕ್ಟರೇಟು ಇಲ್ಲ, ವಿಶ್ವವಿದ್ಯಾಲಯದ ಕುರ್ಚಿ ಇಲ್ಲ. ದೇವಳಾಲಿ ಎಂಬ ದಂಡಿನ ಊರಿನ ಶಾಲೆಯಲ್ಲಿ ಮೇಷ್ಟರಾಗಿ ಸೇರಿ 1962ರಲ್ಲಿ ನಿವೃತ್ತರಾಗುವವರೆಗೂ ಮಕ್ಕಳಿಗೆ ಪಾಠ ಹೇಳಿದರು.

6174 ಅವರಿಗೆ ಸಿಕ್ಕಿದ್ದು 1946ರಲ್ಲಿ. ಮೂರು ವರ್ಷದ ಮೇಲೆ, 1949ರಲ್ಲಿ, ಮದರಾಸಿನಲ್ಲಿ ನಡೆದ ಗಣಿತ ಸಮ್ಮೇಳನದಲ್ಲಿ ಅದನ್ನು ಮುಂದಿಟ್ಟರು. 1955ರಲ್ಲಿ ನ್ಯೂಯಾರ್ಕಿನ ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ ಎಂಬ ಪತ್ರಿಕೆಯಲ್ಲಿ 6174ರ ಬಗ್ಗೆಯೇ ಪುಟ್ಟ ಲೇಖನ ಬಂತು. ನಮ್ಮಲ್ಲಿಯ ಬಹಳ ಮಂದಿ ಗಣಿತಜ್ಞರು ಮಾತ್ರ ಇದನ್ನು ಕಂಡು ನಕ್ಕರು. ಇದೇನು ಗಣಿತವೇ, ಮಕ್ಕಳಾಟ. ಇದರಿಂದ ಏನು ಪ್ರಯೋಜನ?

ಈ ಪ್ರಶ್ನೆಯ ಪರಿಚಯ ನಮಗೆ ಚೆನ್ನಾಗಿದೆ. ಅಂಗಳದಲ್ಲಿ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಹಾಕಿದವಳನ್ನು, ಬಣ್ಣದ ನೂಲಿನಲ್ಲಿ ನವಿಲು ಕಸೂತಿ ಮಾಡಿದವಳನ್ನು, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನೋಟುಪುಸ್ತಕದಲ್ಲಿ ನಾಲ್ಕು ಸಾಲು ಗೀಚಿದವಳನ್ನು ಯಾರು ಕೇಳಿಲ್ಲ ಇದನ್ನು? ಕೆಲಸಕ್ಕೆ ಬಂದರೆ ಅದು ಕರ್ತವ್ಯ, ಸಂತೋಷಕ್ಕೆ ಬಂದರೆ ಅದು ಕಾಲಹರಣ. ಕಾಪ್ರೇಕರರಿಗೆ ದೊಡ್ಡವರ ಪತ್ರಿಕೆಗಳ ಬಾಗಿಲು ಹೆಚ್ಚಾಗಿ ತೆರೆಯಲಿಲ್ಲ. ಅವರು ಸಣ್ಣ ಪತ್ರಿಕೆಗಳಿಗೆ ಬರೆದರು. ಎಷ್ಟೋ ಪುಸ್ತಿಕೆಗಳನ್ನು ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಕುಡುಕನಿಗೆ ಆ ಅಮಲಿನಲ್ಲೇ ಇರಬೇಕೆಂದು ಹೇಗೆ ಅನಿಸುತ್ತದೋ ಅಂಕಿಗಳ ವಿಷಯದಲ್ಲಿ ತನ್ನದೂ ಅದೇ ಕಥೆ ಎಂಬ ಅರ್ಥದಲ್ಲಿ ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದಾರೆ.

ಅಮಲಿನ ಮಾತು ಬಂದಾಗ ಹೆಂಗಸರ ಮನಸ್ಸು ಹೋಗುವುದು ಮನೆಯ ಕಡೆಗೆ. ಸ್ಕೂಲು ಮೇಷ್ಟರ ಸಂಬಳ. ಅದರಲ್ಲಿ ಅಚ್ಚುಕೂಟದವರಿಗೆ ಇಷ್ಟು, ಅಂಚೆಗೆ ಇಷ್ಟು, ಸಮ್ಮೇಳನಕ್ಕೆ ರೈಲು ಛಾರ್ಜು ಇಷ್ಟು. ಉಳಿದದ್ದರಲ್ಲಿ ಸಂಸಾರ ತೂಗಿಸಿದವರು ಯಾರು? ಕಾಪ್ರೇಕರರ ಬಗ್ಗೆ ನಾನು ಓದಿದ ಪುಟಗಳಲ್ಲಿ ಅವರ ಹೆಂಡತಿಯ ವಿಷಯ ಒಂದೇ ಒಂದು ಸಾಲು: 1966ರಲ್ಲಿ ತೀರಿಕೊಂಡರು. ಅಷ್ಟೇ. ಬದುಕಿದ್ದಾಗ ಮಾಡಿದ್ದಕ್ಕೆ ಒಂದು ಸಾಲೂ ಇಲ್ಲ, ಸತ್ತ ವರ್ಷಕ್ಕೆ ಒಂದು ಸಾಲು. ದೇವಳಾಲಿಯ ಆ ಮನೆಯಲ್ಲಿ ಇಬ್ಬರು ಕಳೆಯುವ ಲೆಕ್ಕ ಮಾಡುತ್ತಿದ್ದರು ಎಂದೇ ನನ್ನ ನಂಬಿಕೆ. ಒಬ್ಬರ ಲೆಕ್ಕಕ್ಕೆ ಹೆಸರು ಬಂತು. ಆಕೆ ಹೋದ ಮೇಲೆ ಮೇಷ್ಟರು ಒಂಟಿಯಾದರು. ಪಿಂಚಣಿ ಸಾಲದೆ ಮಕ್ಕಳಿಗೆ ಮನೆಪಾಠ ಹೇಳಿ ದಿನ ಕಳೆದರು. ಅಂಕಿಗಳನ್ನು ಮಾತ್ರ ಬಿಡಲಿಲ್ಲ.

ತಾವು ಕಂಡುಹಿಡಿದ ಸಂಖ್ಯೆಗಳಿಗೆ ಅವರು ಇಟ್ಟ ಹೆಸರು ನೋಡಿದರೆ ಮಕ್ಕಳಿಗೆ ಹೆಸರಿಟ್ಟಂತಿದೆ. ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ 'ಹರ್ಷದ', ಅಂದರೆ ಹರ್ಷ ಕೊಡುವುದು. 12 ಹರ್ಷದ, ಏಕೆಂದರೆ ಒಂದು ಎರಡು ಕೂಡಿ ಮೂರು, ಮೂರರಿಂದ ಹನ್ನೆರಡು ಭಾಗವಾಗುತ್ತದೆ. ಇನ್ನೊಂದು ಜಾತಿಯ ಸಂಖ್ಯೆಗಳಿವೆ. 15ಕ್ಕೆ ಅದರ ಅಂಕಿಗಳಾದ ಒಂದು, ಐದನ್ನು ಕೂಡಿದರೆ 21. ಆದ್ದರಿಂದ 21ಕ್ಕೆ 15 ತಾಯಿ ಇದ್ದ ಹಾಗೆ. ಆದರೆ 20ಕ್ಕೆ ಅಂಥ ತಾಯಿಯೇ ಇಲ್ಲ; ಹುಡುಕಿ ನೋಡಿ, ಸಿಗುವುದಿಲ್ಲ. ಇಂಥವನ್ನು ಅವರು ಸ್ವಯಂಭೂ ಎಂದರು, ತಮ್ಮ ಊರಿನ ಮೇಲೆ ದೇವಳಾಲಿ ಸಂಖ್ಯೆ ಎಂದೂ ಕರೆದರು. ಎಂಟು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಮನುಷ್ಯ ತಾಯಿಯಿಲ್ಲದ ಸಂಖ್ಯೆಗಳನ್ನು ಗುರುತಿಸಿ ಅವಕ್ಕೆ ಊರು ಕೊಟ್ಟರಲ್ಲ, ಎಂದು ನನ್ನ ಮನಸ್ಸು ಹರಿಯುತ್ತದೆ. ಗಣಿತದವರು ಇದನ್ನು ಒಪ್ಪಲಾರರು. ಇರಲಿ.

ಮುಂಬಯಿಯ ಹತ್ತಿರ ಇಂದು ಡೊಂಬಿವಲಿ ಎನ್ನುವ ರೈಲು ನಿಲ್ದಾಣವಿದೆ. ಅದಕ್ಕೆ ಡೆಮ್ಲೋ ಎಂಬ ಹೆಸರಿತ್ತಂತೆ. ಅಲ್ಲಿ ಹೊಳೆದವು ಎಂಬ ಕಾರಣಕ್ಕೆ ಕೆಲವು ಸಂಖ್ಯೆಗಳಿಗೆ ಡೆಮ್ಲೋ ಸಂಖ್ಯೆ ಎಂದು ಹೆಸರು. ಅವುಗಳಲ್ಲಿ ಬಹಳ ಚೆಂದದವು 121, 12321, 1234321, ಹೀಗೆ ಏರಿ ಇಳಿಯುವಂಥವು. ಬರೀ ಒಂದುಗಳಿಂದಾದ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಇವು ಬರುತ್ತವೆ. 11ನ್ನು 11ರಿಂದ ಗುಣಿಸಿದರೆ 121. ಆರು ಒಂದುಗಳ 111111ನ್ನು 111111ರಿಂದ ಗುಣಿಸಿದರೆ 12345654321.

ಈ ಕೊನೆಯ ಸಂಖ್ಯೆಯನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಏಕೆಂದರೆ ಇದು ನಮ್ಮ ಮನೆಯ ಹುಡುಗಿ. ಮಳಖೇಡದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ, ಅದೇ ದೊರೆಯನ್ನು ಹೊಗಳಿ ಗಣಿತಸಾರಸಂಗ್ರಹ ಬರೆದ ಜೈನ ಪಂಡಿತ ಮಹಾವೀರಾಚಾರ್ಯ. ಕವಿರಾಜಮಾರ್ಗದ ನೃಪತುಂಗನನ್ನು ನಾವು ಸ್ಕೂಲಿನಲ್ಲಿ ಓದಿದ್ದೇವೆ. ಅವನ ಕಾಲದ ಈ ಗಣಿತಜ್ಞನನ್ನು ಪರೀಕ್ಷೆಗೆ ಕೇಳುತ್ತಿರಲಿಲ್ಲವಾದ್ದರಿಂದ ಓದಲಿಲ್ಲ. ಮಹಾವೀರಾಚಾರ್ಯ 12345654321ನ್ನು ಒಂದರಿಂದ ಶುರುವಾಗಿ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ವರ್ಣಿಸಿದ್ದಾನೆ. 27994681ನ್ನು 441ರಿಂದ ಗುಣಿಸಿದರೆ ಅದು ಬರುತ್ತದೆ. 139ನ್ನು 109ರಿಂದ ಗುಣಿಸಿ, 15151 ಬರುತ್ತದೆ, ಎರಡು ಕಡೆಯಿಂದಲೂ ಒಂದೇ. ಇಂಥ ಗುಣಲಬ್ಧಗಳಿಗೆ ಅವನು ಇಟ್ಟ ಹೆಸರು ಕಂಠಾಭರಣ. ಕೊರಳ ಹಾರವನ್ನು ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಮಣಿಗಳ ಸಾಲು ಒಂದೇ ತಾನೆ.

ಗಣಿತ ಎಲ್ಲೆಲ್ಲಿ ಬೇಕು ಎಂದು ಮಹಾವೀರಾಚಾರ್ಯ ದೊಡ್ಡದೊಂದು ಪಟ್ಟಿ ಕೊಡುತ್ತಾನೆ. ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು ಎಲ್ಲ ಇವೆ. ಅವುಗಳ ನಡುವೆ ಸೂಪಶಾಸ್ತ್ರವೂ ಇದೆ. ಸೂಪಶಾಸ್ತ್ರವೆಂದರೆ ಅಡುಗೆ. ಹನ್ನೊಂದು ನೂರು ವರ್ಷಗಳ ಹಿಂದೆ ಒಬ್ಬ ದೊಡ್ಡ ಪಂಡಿತ ಅಡುಗೆಮನೆಗೂ ಗಣಿತ ಬೇಕು ಎಂದು ಬರೆದಿಟ್ಟ. ನೂರು ಎಲೆಗೆ ಎಷ್ಟು ಸೇರು ಬೇಳೆ ಎಂದು ನಿಂತ ನಿಲುವಿನಲ್ಲಿ ಹೇಳುತ್ತಿದ್ದ ನಮ್ಮ ಅಜ್ಜಿಗೆ ಈ ವಿಷಯ ಗೊತ್ತಿದ್ದರೆ ಅಜ್ಜನ ಎದುರು ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಿದ್ದಳೇನೋ.

ಹಾರವಾಗಲಿ, ಏರಿಳಿಯುವ ಸಾಲಾಗಲಿ, ಆ ಕಾಲದಲ್ಲಿ ಅವನ್ನು ಯಾರೂ ಮಕ್ಕಳಾಟ ಎಂದು ಪುಸ್ತಕದಿಂದ ಹೊರಗಿಡಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಅದೇ ಚೆಲುವು ಸಾವಿರ ವರ್ಷದ ಮೇಲೆ ದೇವಳಾಲಿಯ ಮೇಷ್ಟರ ಕೈಯಲ್ಲಿ ಕಂಡಾಗ ಜನ ನಕ್ಕರು. ಆಮೇಲೆ 1975ರ ಮಾರ್ಚ್‌ನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಾಪ್ರೇಕರರ ಬಗ್ಗೆ ಬರೆದರು. ಹೊರಗಿನವರು ಹೊಗಳಿದ ಮೇಲೆ ಮನೆಯ ಸೊಸೆಯ ಅಡುಗೆ ರುಚಿಯಾಗಿ ಕಾಣುವುದು ಹೊಸದೇನಲ್ಲ. ಆಗ ಅವರಿಗೆ ಎಪ್ಪತ್ತು ವರ್ಷ.

ಈಗ ನನ್ನ ಮಂಡಳಿಯ ಗೆಳತಿಯರು ಕೇಳಿದ ಪ್ರಶ್ನೆಗೆ ಬರುತ್ತೇನೆ. ಎಲ್ಲ ಸಂಖ್ಯೆಗಳೂ ಅಲ್ಲಿಗೇ ಏಕೆ ಬರಬೇಕು? ಸ್ವಲ್ಪ ತಾಳ್ಮೆ ಇದ್ದರೆ ಇದರ ಅರ್ಧ ಗುಟ್ಟು ನಮಗೂ ಸಿಗುತ್ತದೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಿರಲ್ಲ, ಆಗ ತುದಿಯ ಎರಡು ಅಂಕಿಗಳ ಅಂತರವನ್ನು 999ರಿಂದ ಗುಣಿಸಿ. ನಡುವಿನ ಎರಡರ ಅಂತರವನ್ನು 90ರಿಂದ ಗುಣಿಸಿ. ಎರಡನ್ನೂ ಕೂಡಿದರೆ ಬರುವುದೇ ನಿಮ್ಮ ಕಳೆದ ಉತ್ತರ. 7641ರಲ್ಲಿ ತುದಿಗಳ ಅಂತರ ಆರು, ನಡುವಿನ ಅಂತರ ಎರಡು. ಆರು ಸಲ 999 ಎಂದರೆ 5994, ಎರಡು ಸಲ 90 ಎಂದರೆ 180; ಕೂಡಿದರೆ 6174. ಅಂದರೆ ಅಂಕಿಗಳು ಯಾವುವು ಎಂಬುದು ಮುಖ್ಯವಲ್ಲ, ಅವುಗಳ ನಡುವಿನ ಅಂತರವೇ ಮುಖ್ಯ. ಸೊನ್ನೆಯಿಂದ ಶುರುವಾಗುವವನ್ನೂ ಸೇರಿಸಿಕೊಂಡರೆ ಈ ಆಟಕ್ಕೆ ಬರುವ ಸಂಖ್ಯೆಗಳು ಒಟ್ಟು 9990. ಅಂತರಗಳ ಜೋಡಿ ಮಾತ್ರ 54. ಜಾತ್ರೆಗೆ ಬಂದ ಹತ್ತು ಸಾವಿರ ಜನ ಮೊದಲ ಹೆಜ್ಜೆಗೇ ಐವತ್ತನಾಲ್ಕು ಬಾಗಿಲುಗಳಲ್ಲಿ ಒಳಗೆ ಹೋದ ಹಾಗೆ. 999, 90 ಎರಡೂ ಒಂಬತ್ತರ ಮಗ್ಗಿಯವಾದ್ದರಿಂದ ಒಳಗೆ ಹೋದವರೆಲ್ಲ ಒಂಬತ್ತರ ಮನೆತನದವರೇ. ಆ ಐವತ್ತನಾಲ್ಕನ್ನು ಒಂದೊಂದಾಗಿ ಕಳೆಯುತ್ತ ಹೋದರೆ ಎಲ್ಲವೂ ಒಂದೇ ಗರ್ಭಗುಡಿಯನ್ನು ಸೇರುತ್ತವೆ. ಎರಡು ಹಾಳೆ, ಒಂದು ಮಧ್ಯಾಹ್ನ ಸಾಕು. ನಾನು ಮಾಡಿದ್ದೇನೆ.

ಮೂರು ಅಂಕಿಗಳಲ್ಲಾದರೆ 495 ಇದೇ ಕೆಲಸ ಮಾಡುತ್ತದೆ. ಐದು ಅಂಕಿಗಳಿಗೆ ಇಂಥ ಒಂದು ನೆಲೆಯೇ ಇಲ್ಲ. ಅಲ್ಲಿ ಸಂಖ್ಯೆಗಳು ಮೂರು ಬೇರೆ ಬೇರೆ ಸುತ್ತುಗಳಿಗೆ ಸಿಕ್ಕಿ ತಿರುಗುತ್ತಲೇ ಇರುತ್ತವೆ. ನಾಲ್ಕಕ್ಕೆ ಇದ್ದ ಭಾಗ್ಯ ಐದಕ್ಕೆ ಇಲ್ಲ.

6174ರ ಮೈಮೇಲೆ ಇನ್ನೂ ಒಂದೆರಡು ಒಡವೆಗಳಿವೆ. ಅದರ ಅಂಕಿಗಳ ಮೊತ್ತ 18. ಹದಿನೆಂಟರಿಂದ ಭಾಗಿಸಿದರೆ 343, ಶೇಷವಿಲ್ಲ. ಆದ್ದರಿಂದ ಇದೂ ಹರ್ಷದವೇ. 343 ಎಂದರೆ ಏಳೇಳಲ ನಲವತ್ತೊಂಬತ್ತು, ಅದರ ಏಳರಷ್ಟು. 18ಕ್ಕೆ ಹದಿನೆಂಟರ ವರ್ಗ 324ನ್ನೂ ಘನ 5832ನ್ನೂ ಕೂಡಿಸಿ: 6174! ಹದಿನೆಂಟು ಪರ್ವ, ಹದಿನೆಂಟು ಅಕ್ಷೋಹಿಣಿ, ಹದಿನೆಂಟು ದಿನದ ಯುದ್ಧ ಎಂದು ನಮ್ಮ ಮಂಡಳಿಯ ಹಿರಿಯರೊಬ್ಬರು ಆಗಲೇ ಭಾರತಕ್ಕೆ ಹೊರಟುಬಿಟ್ಟರು. ನಾನು ಅವರನ್ನು ತಡೆಯಲಿಲ್ಲ, ಹಿಂದೆಯೂ ಹೋಗಲಿಲ್ಲ.

ಕಾಪ್ರೇಕರ್ 1986ರಲ್ಲಿ ತೀರಿಕೊಂಡರು. ಈ ಬರಹಕ್ಕೆಂದು ಟಿಪ್ಪಣಿ ಮಾಡಿಕೊಳ್ಳುವಾಗ ಅವರ ಬದುಕಿನ ವರ್ಷಗಳೆಲ್ಲ ಒಂದೇ ಹಾಳೆಯ ಮೇಲೆ ಬಂದು ಕೂತಿದ್ದವು. ಪೆನ್ಸಿಲ್ ಕೈಯಲ್ಲೇ ಇತ್ತು. 6174 ಸಿಕ್ಕ ವರ್ಷ 1946ನ್ನು ಕಳೆದೆ, 8172 ಬಂತು. ಹೊರಜಗತ್ತು ಅವರನ್ನು ಗುರುತಿಸಿದ 1975ನ್ನು ಕಳೆದೆ, ಅದೂ 8172. ಕೊನೆಯ 1986ನ್ನು ಕಳೆದೆ, ಅದೇ 8172. ಹುಟ್ಟಿದ 1905 ಮೊದಲು 9351ಕ್ಕೆ ಹೋಗಿ ಮುಂದಿನ ಹೆಜ್ಜೆಗೆ ಅದೇ 8172ನ್ನು ಸೇರಿತು. ಜ್ಯೋತಿಷ ಪ್ರಿಯರಾದ ಅವರ ತಂದೆ ಇದಕ್ಕೆ ಏನಾದರೂ ಫಲ ಹೇಳುತ್ತಿದ್ದರೇನೋ. ನಾನು ಹೇಳಲಾರೆ. ಬಾಗಿಲು ಐವತ್ತನಾಲ್ಕೇ ಇರುವಾಗ ಒಂದೇ ಶತಮಾನದ ನಾಲ್ಕು ವರ್ಷಗಳು ಒಂದೇ ದಾರಿಯಲ್ಲಿ ಸಿಗುವುದು ಅಂಥ ಪವಾಡವೇನೂ ಅಲ್ಲ. ಅಲ್ಲಿಂದ 7443, 3996, 6264, 4176, ಆಮೇಲೆ 6174.

ಹಾಳೆಯಲ್ಲಿ ಇನ್ನೊಂದು ವರ್ಷ ಉಳಿದಿತ್ತು, ಆ ಒಂದು ಸಾಲಿನ 1966. ಅದನ್ನೂ ಕಳೆದೆ. ಅದು ಮೇಷ್ಟರ ದಾರಿಯನ್ನು ತುಳಿಯಲೇ ಇಲ್ಲ. 7992, 7173, 6354, 3087, 8352. ಒಂದು ಕಡೆಯೂ ಆ ಸಾಲಿಗೆ ಮುಟ್ಟದೆ ತನ್ನ ಪಾಡಿಗೆ ತಾನು ನಡೆದು, ಸರಿಯಾಗಿ ಆರನೆಯ ಹೆಜ್ಜೆಗೆ 6174ಕ್ಕೆ ಬಂತು. ಮೇಷ್ಟರ 1986ಕ್ಕೂ ಅಷ್ಟೇ ಹೆಜ್ಜೆ.